ನಾಲ್ಕು ಕಾರ್ಬುರೇಟರಿಗೆ ಒಂದೂರಿನ ಪ್ರಾರ್ಥನೆ

ಬಣ್ಣದ ಅಂಗಡಿಯಲ್ಲಿ ನಿಂತು, ಬಿಳಿಗೂ ಬಿಳಿಗೂ ಇರುವ ವ್ಯತ್ಯಾಸವನ್ನು ಗಿರಾಕಿಗಳಿಗೆ ವಿವರಿಸುತ್ತ ಹೊಟ್ಟೆ ಹೊರೆಯುವ ಮನುಷ್ಯನೊಬ್ಬ, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಲ್ಲೇ ತಾನು ಮೆಕ್ಯಾನಿಕ್ ಎಂದು ಸಾರಿಬಿಟ್ಟರೆ ಏನಾದೀತು? ಮಿನ್ನೆಸೋಟಾದ ನೋರಾ ಫಾಲ್ಸ್ ಎಂಬ ಊರಿನಲ್ಲಿ ಏನಾಯಿತೆಂದು ಹೇಳುತ್ತೇನೆ. ಬೇರೆ ಊರುಗಳ ಜವಾಬ್ದಾರಿ ನನ್ನದಲ್ಲ.

ಆ ಮನುಷ್ಯನ ಹೆಸರು ಆರ್ವಿಡ್ ಸ್ಕೋಗ್. ಅವನ ಹತ್ತಿರ ನಾಲ್ಕು ಸಿಲಿಂಡರಿನ ಹಳೆಯ ಜಪಾನಿ ಬೈಕೊಂದಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಬೀಟ್‌ರೂಟ್ ಕೊಯ್ಲಿಗೆ ಕೂಲಿ ಹೋಗಿ ಕೊಂಡದ್ದು. ಮದುವೆಯಾಗಿ, ಸೊಂಟ ದಪ್ಪವಾಗಿ, ಬೈಕು ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಮಲಗಿ ವರ್ಷಗಳಾಗಿದ್ದವು. ಆದರೂ ಅಂಗಡಿಯಿಂದ ಬಂದವನು ದಿನಾ ಒಂದು ಸಲ ಆ ಟಾರ್ಪಾಲನ್ನು ಎತ್ತಿ ನೋಡಿ, ಅದರ ಟ್ಯಾಂಕು ಸವರಿ, ಆಮೇಲೆಯೇ ಊಟಕ್ಕೆ ಹೋಗುತ್ತಿದ್ದ. ಅವನಿಗೆ ಅದರ ಮೇಲೆ ಪ್ರಾಣ.

ಅದರ ಮೇಲೆ ಇನ್ನೊಬ್ಬರಿಗೂ ಕಣ್ಣಿತ್ತು. ಆರ್ವಿಡ್‌ನ ನಾದಿನಿ ಲೊರೇನ್. ಆಕೆಗೆ ಅದನ್ನು ತನ್ನ ಮನೆಮುಂದಿನ ಹುಲ್ಲಿನಲ್ಲಿ ನಿಲ್ಲಿಸಿ, ಸೀಟು ಕಿತ್ತು, ಮಣ್ಣು ತುಂಬಿ, ಪೆಟೂನಿಯಾ ಹೂ ಬೆಳೆಸಬೇಕೆಂಬ ಆಸೆ. ಈ ಆಸೆಯನ್ನು ಕೆಫೆಯಲ್ಲಿ ಎಲ್ಲರೆದುರು ಎತ್ತಿದವನು ಆಕೆಯ ಗಂಡ ಡುವೇನ್, ಅಂದರೆ ಆರ್ವಿಡ್‌ನ ಷಡ್ಡಕ.

"ಹೇಗಿದ್ರೂ ಅದು ಸ್ಟಾರ್ಟ್ ಆಗಲ್ಲ ಕಣೋ. ಹೂವಾದ್ರೂ ಬಿಡಲಿ," ಎಂದ ಡುವೇನ್.

"ಯಾರು ಹೇಳಿದ್ದು ಆಗಲ್ಲ ಅಂತ? ಕಾರ್ಬುರೇಟರ್ ಕಟ್ಟಿದೆ ಅಷ್ಟೇ. ಕಿತ್ತು, ತೊಳೆದು, ಹಾಕಿದ್ರೆ ಮುಗೀತು."

"ಯಾರು ಹಾಕ್ತಾರೆ?"

"ನಾನು!"

ಕೆಫೆಯಲ್ಲಿ ಚಮಚಗಳ ಸದ್ದು ನಿಂತಿತು. ಆರ್ವಿಡ್‌ನ ಕಿವಿ ಕೆಂಪಾಯಿತು. ಕಿವಿ ಕೆಂಪಾದಾಗ ಅವನ ಬಾಯಿ ಅವನ ಮಾತು ಕೇಳುವುದಿಲ್ಲ.

"ಮೆಕ್ಯಾನಿಕ್ ಬೇಕಾಗಿರೋದು ಪುಸ್ತಕ ಓದೋಕೆ ಬರದೇ ಇರೋರಿಗೆ. ನಾಲ್ಕು ಕಾರ್ಬುರೇಟರ್ ಅಂದ್ರೇನು, ಹಸುವಿನ ಕೆಚ್ಚಲಿದ್ದ ಹಾಗೆ. ನಾಲ್ಕರಲ್ಲೂ ಒಂದೇ ಸಮ ಎಳೀಬೇಕು. ಒಂದು ಜಾಸ್ತಿ ಎಳೆದು ಇನ್ನೊಂದು ಕಮ್ಮಿ ಎಳೆದ್ರೆ ಎಂಜಿನ್ ಕೆಮ್ಮುತ್ತೆ. ಸಮ ಮಾಡಿದ್ರೆ ಬೆಣ್ಣೆ ಹಾಗೆ ಓಡುತ್ತೆ."

"ನೀನು ಯಾವತ್ತಯ್ಯಾ ಹಸು ಕರೆದಿದ್ದು?" ಎಂದಿತು ಹಿಂದಿನ ಮೇಜು.

"ನೋಡ್ತಾ ಇರಿ! ಈ ಶನಿವಾರ ಜೋಳದ ಹಬ್ಬದ ಮೆರವಣಿಗೆಗೆ ಮುಂದೆ ಹೋಗೋದು ಫೈರ್ ಎಂಜಿನ್ ಅಲ್ಲ, ನನ್ನ ಬೈಕು!"

ಡುವೇನ್ ಮೆರವಣಿಗೆ ಸಮಿತಿಯವನು. ಅವನು ಕಾಫಿ ಬಟ್ಟಲು ಕೆಳಗಿಟ್ಟು ಕೈ ಚಾಚಿದ. "ಆಯ್ತಪ್ಪಾ. ಮುಂದಿನ ಜಾಗ ನಿನಗೇ. ಬೈಕು ಬಂತೋ, ನಾನು ಇನ್ನೆಂದೂ ಹೂವಿನ ಮಾತೆತ್ತಲ್ಲ. ಬರಲಿಲ್ಲವೋ, ಮಾರನೇ ದಿನ ಮಣ್ಣು ತುಂಬಿಸ್ತೀನಿ." ಆರ್ವಿಡ್ ಕೈ ಕುಲುಕಿದ. ಹೀಗೆ ಒಂದು ಜೀವದ ಹಣೆಬರಹ ಕಾಫಿಯ ಮೇಲೆ ತೀರ್ಮಾನವಾಯಿತು.

ಕಾರ್ಬುರೇಟರುಗಳನ್ನು ಕೀಳುವುದು ಸುಲಭ. ತೊಳೆಯುವುದೂ ಸುಲಭ. ಮತ್ತೆ ಕೂರಿಸುವುದಿದೆಯಲ್ಲ, ಅದರ ಬಗ್ಗೆ ರಿಪೇರಿ ಪುಸ್ತಕದಲ್ಲಿ ಇದ್ದದ್ದು ಒಂದೇ ವಾಕ್ಯ: ‘ತೆಗೆದ ಕ್ರಮವನ್ನೇ ತಿರುಗಿಸಿ ಜೋಡಿಸಿರಿ.’ ಆ ವಾಕ್ಯ ಬರೆದ ಪುಣ್ಯಾತ್ಮ ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಿದವನಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ನಾಲ್ಕೂ ಕಾರ್ಬುರೇಟರುಗಳು ಒಂದೇ ಪಟ್ಟಿಗೆ ಕಚ್ಚಿಕೊಂಡಿರುತ್ತವೆ. ಮುಂದೆ ಎಂಜಿನ್ನಿನ ನಾಲ್ಕು ರಬ್ಬರ್ ಬಾಯಿಗಳು, ಹಿಂದೆ ಗಾಳಿಪೆಟ್ಟಿಗೆಯ ನಾಲ್ಕು ರಬ್ಬರ್ ಬಾಯಿಗಳು. ನಡುವೆ ಈ ಪಟ್ಟಿಯನ್ನು ತುರುಕಬೇಕು, ಎಂಟೂ ಬಾಯಿಗಳು ಒಟ್ಟಿಗೆ ಕಚ್ಚಬೇಕು. ಆರ್ವಿಡ್‌ನ ಬೈಕಿನ ರಬ್ಬರು ಒಣಗಿ ಮರದ ಹಾಗಾಗಿತ್ತು.

ಒಣಗಿದ ರಬ್ಬರು ಮೆದುವಾಗಬೇಕಾದರೆ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ನೆನೆಸಬೇಕು. ಇದು ಬೈಕಿನವರೆಲ್ಲ ಬಲ್ಲ ಉಪಾಯ, ಸುಳ್ಳೇನಲ್ಲ. ಆದರೆ ಆ ಎಣ್ಣೆಯ ವಾಸನೆಯೆಂದರೆ ಮುದುಕರ ಮಂಡಿಗೆ ಉಜ್ಜುವ ಮುಲಾಮಿನ ವಾಸನೆ. ಆರ್ವಿಡ್ ಅದನ್ನು ಹೆಂಡತಿ ಮಾರ್ಲಿಸ್ ಹಬ್ಬಕ್ಕೆ ಟರ್ಕಿ ಕೋಳಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ಸುರಿದು, ರಬ್ಬರು ಮುಳುಗಿಸಿ, ಗ್ಯಾರೇಜಿನಲ್ಲಿ ಬಿಸಿಗಿಟ್ಟ. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಮಂಡಿನೋವು ಬಂದ ಹಾಗಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ನಾಲ್ಕೂ ಸಮವಾಗಿ ಗಾಳಿ ಎಳೆಯುತ್ತಿವೆಯೇ ಎಂದು ನೋಡಲು ಅಳತೆಯ ಸಾಧನ ಬೇಕಲ್ಲ? ಒಂದು ಹಲಗೆಯ ಮೇಲೆ ನಾಲ್ಕು ಪಾರದರ್ಶಕ ಪೈಪುಗಳನ್ನು ಸಾಲಾಗಿ ಕಟ್ಟಿ, ಅವುಗಳಲ್ಲಿ ಗೇರ್‌ಬಾಕ್ಸಿನ ಕೆಂಪು ಎಣ್ಣೆ ತುಂಬಿದ. ಎಂಜಿನ್ ಓಡುವಾಗ ಒಂದೊಂದು ಪೈಪನ್ನು ಒಂದೊಂದು ಕಾರ್ಬುರೇಟರಿಗೆ ಸಿಕ್ಕಿಸಿದರೆ, ಹೆಚ್ಚು ಎಳೆಯುವವನ ಪೈಪಿನಲ್ಲಿ ಎಣ್ಣೆ ಮೇಲೇರುತ್ತದೆ. ಸ್ಕ್ರೂ ತಿರುಗಿಸಿ ನಾಲ್ಕನ್ನೂ ಒಂದೇ ಮಟ್ಟಕ್ಕೆ ತರಬೇಕು. ಟ್ಯಾಂಕು ತೆಗೆದಿರುವುದರಿಂದ ಪೆಟ್ರೋಲಿಗೆ ಮೇಲಿನಿಂದ ಒಂದು ಬಾಟಲಿ ನೇತುಹಾಕಬೇಕು. ಯಾವುದಕ್ಕೆ? ಅವನ ತಾಯಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ತಂದಿದ್ದ ಗ್ಲೂಕೋಸ್ ಸ್ಟ್ಯಾಂಡು ಗ್ಯಾರೇಜಿನಲ್ಲೇ ಇತ್ತು. ಬಾಟಲಿಯನ್ನೂ ಪೈಪಿನ ಹಲಗೆಯನ್ನೂ ಅದಕ್ಕೇ ನೇತುಹಾಕಿದ. ‘ಎಷ್ಟು ಚೊಕ್ಕ!’ ಎಂದು ತನಗೆ ತಾನೇ ಹೇಳಿಕೊಂಡ.

ಅಂಗಡಿಗೆ ವಾರವಿಡೀ ರಜೆ ಹಾಕಿಯಾಗಿತ್ತು. ಮಂಗಳವಾರ ಮಧ್ಯಾಹ್ನ ಕಾರ್ಬುರೇಟರುಗಳನ್ನು ಕೂರಿಸುವ ಮುಹೂರ್ತ. ಮಂಡಿ ಕೊಟ್ಟು ನೂಕಿದ. ಹೆಗಲು ಕೊಟ್ಟು ನೂಕಿದ. "ಅಯ್ಯೋ... ಅಮ್ಮಾ... ಬಾರಪ್ಪಾ, ಬಾ... ಇನ್ನು ನನ್ನ ಕೈಲಾಗಲ್ಲಾ..." ಎಂದು ಗೋಗರೆದ. ಕಡೆಗೂ ಎಂಟೂ ಬಾಯಿಗಳು ಕಚ್ಚಿದವು. ಆರ್ವಿಡ್ ಕುಣಿದಾಡಿದ. ಕುಣಿತ ಮುಗಿದ ಮೇಲೆ ನೋಡಿದರೆ ಆಕ್ಸಿಲರೇಟರ್ ಕೇಬಲ್ ಪಾಪದ್ದು ನೆಲದ ಮೇಲೆ ಬಿದ್ದಿತ್ತು. ಅದನ್ನು ಮೊದಲು ಸಿಕ್ಕಿಸಿ ಆಮೇಲೆ ಕೂರಿಸಬೇಕಿತ್ತು. ಈಗ ಅಲ್ಲಿ ಬೆರಳು ತೂರುವುದಿಲ್ಲ. ಎಲ್ಲವನ್ನೂ ಮತ್ತೆ ಕಿತ್ತ. ಬೆನ್ನು ಹಿಡಿದುಕೊಂಡಿತು. ಗ್ಲೂಕೋಸ್ ಸ್ಟ್ಯಾಂಡಿನ ಪಕ್ಕದಲ್ಲಿದ್ದ ಮಡಚುವ ಮಂಚದ ಮೇಲೆ ಅಂಗಾತ ಬಿದ್ದುಕೊಂಡು, ಕಣ್ಣುಮುಚ್ಚಿ ನರಳಿದ.

ಪಕ್ಕದ ಮನೆಯ ಆರ್ಡಿಸ್ ಕ್ವಾಲೆ ಆ ಹೊತ್ತಿಗೆ ತನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆಕೆ ಲೂಥರನ್ ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ. ಊರಿನಲ್ಲಿ ಯಾರಿಗೆ ಏನೇ ಆದರೂ, ಆರ್ಡಿಸ್ ಒಬ್ಬಳಿಗೆ ಫೋನ್ ಮಾಡುತ್ತಾಳೆ, ಆಕೆ ಇನ್ನೊಬ್ಬಳಿಗೆ, ಆಕೆ ಮತ್ತೊಬ್ಬಳಿಗೆ; ಕತ್ತಲಾಗುವುದರೊಳಗೆ ದೇವರಿಗೆ ಎಲ್ಲ ಕಡೆಯಿಂದಲೂ ಅರ್ಜಿ ಹೋಗಿರುತ್ತದೆ. ಆರ್ಡಿಸ್ ಕಿಟಕಿಯಿಂದ ಗ್ಯಾರೇಜಿನ ಪುಟ್ಟ ಗಾಜಿನೊಳಗೆ ನೋಡಿದಳು. ಬೈಕು ಆ ಕಡೆ ಮೂಲೆಯಲ್ಲಿತ್ತು, ಕಾಣುತ್ತಿರಲಿಲ್ಲ. ಕಂಡದ್ದು: ನೇತಾಡುವ ಬಾಟಲಿ, ನಾಲ್ಕು ಪೈಪುಗಳಲ್ಲಿ ಕೆಂಪು ದ್ರವ, ಕೆಳಗೆ ಮಂಚದ ಮೇಲೆ ಆರ್ವಿಡ್‌ನ ಕಾಲು. ಮೂಗಿಗೆ ಬಡಿದದ್ದು ಮುಲಾಮು. ಕಿವಿಗೆ ಬಿದ್ದದ್ದು ನರಳಾಟ. ಆಕೆಯ ಕೈಯಿಂದ ತಟ್ಟೆ ಜಾರಿತು.

"ಬಹಳ ಮುಂದುವರಿದಿದೆ," ಎಂದಳು ಫೋನಿನಲ್ಲಿ. "ನಾಲ್ಕು ನಳಿಗೆ ಹಾಕ್ಕೊಂಡಿದಾನೆ ಕಣೇ. ನಾಲ್ಕು! ನಮ್ಮ ಯಜಮಾನ್ರಿಗೆ ಕೊನೇ ದಿನ ಕೂಡ ಎರಡೇ ಇದ್ದದ್ದು. ಗ್ಯಾರೇಜಲ್ಲಿ ಗುಟ್ಟಾಗಿ ಮಾಡ್ಕೊಳ್ತಿದಾನೆ ಅಂದ್ರೆ ಮಾರ್ಲಿಸ್‌ಗೂ ಹೇಳಿಲ್ಲ ಅಂತ ಅರ್ಥ. ಯಾರೂ ಅವಳ ಮುಂದೆ ಬಾಯಿಬಿಡಬೇಡಿ. ಮೆರವಣಿಗೆ ಮುಂದೆ ಹೋಗ್ತೀನಿ ಅಂತ ಯಾಕೆ ಹೇಳಿದ ಅಂತ ಈಗ ಗೊತ್ತಾಯ್ತು. ಕೊನೇ ಆಸೆ, ಪಾಪ."

ನೋರಾ ಫಾಲ್ಸಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಯಾರೂ ‘ಏನಾಗಿದೆ?’ ಎಂದು ಕೇಳುವುದಿಲ್ಲ. ಕೇಳುವುದು ಅಸಭ್ಯ. ಬದಲಿಗೆ ಹಾಟ್‌ಡಿಶ್ ತಂದುಕೊಡುತ್ತಾರೆ. ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೊಂದು ಆಲೂಗಡ್ಡೆಯ ಹೊದಿಕೆ, ಎಲ್ಲ ಸೇರಿಸಿ ಒಲೆಯೊಳಗಿಟ್ಟು ಬೇಯಿಸಿದ ಈ ಪದಾರ್ಥ ಅಲ್ಲಿನವರ ಕಣ್ಣೀರು. ತೆಗೆದುಕೊಂಡವರೂ ‘ಯಾಕೆ ತಂದಿರಿ?’ ಎಂದು ಕೇಳುವಂತಿಲ್ಲ. ಅದು ಇನ್ನೂ ಅಸಭ್ಯ.

ಬುಧವಾರ ಬೆಳಿಗ್ಗೆ ಮೊದಲ ಹಾಟ್‌ಡಿಶ್ ಬಂತು. ಮಧ್ಯಾಹ್ನದೊಳಗೆ ಫ್ರಿಜ್ಜು ತುಂಬಿತು. ಸಂಜೆಗೆ ಇಸ್ತ್ರಿ ಮೇಜಿನ ಮೇಲೂ ಪಾತ್ರೆಗಳು ಕುಳಿತವು.

"ಹೇಗಿದೀಯಾ ಆರ್ವಿಡ್?" ಎಂದು ಬಂದವರು ಮೆಲ್ಲನೆ ಕೇಳುವರು.

"ಪರವಾಗಿಲ್ಲ. ಇದಕ್ಕಿಂತ ಕೆಟ್ಟದಾಗಬಹುದಿತ್ತು," ಎನ್ನುವನು ಆರ್ವಿಡ್, ಆ ಊರಿನಲ್ಲಿ ಎಲ್ಲರೂ ಎಲ್ಲಕ್ಕೂ ಕೊಡುವ ಉತ್ತರ. ಬಂದವರು ತುಟಿ ಕಚ್ಚಿಕೊಂಡು ಹೊರಟುಹೋಗುವರು.

ಆರ್ವಿಡ್‌ಗೆ ಇದೆಲ್ಲದರ ಅರ್ಥ ನಿಚ್ಚಳವಾಗಿತ್ತು. ಕೇಬಲ್ ಮರೆತ ಸುದ್ದಿ ಊರಿಗೆಲ್ಲ ಗೊತ್ತಾಗಿದೆ! ಬೈಕು ಏಳುವುದಿಲ್ಲವೆಂದು ತೀರ್ಮಾನಿಸಿ, ಸತ್ತ ಮನೆಗೆ ಊಟ ತಂದ ಹಾಗೆ ತರುತ್ತಿದ್ದಾರೆ! ಅವನಿಗೆ ಅವಮಾನದಿಂದ ಅಳುವೇ ಬಂತು. ದಂತವೈದ್ಯರ ಕಚೇರಿಯಲ್ಲಿ ಕೆಲಸ ಮುಗಿಸಿ ಮನೆಗೆ ಬಂದ ಮಾರ್ಲಿಸ್‌ಗೆ ಬೇರೆಯೇ ಅರ್ಥ ಹೊಳೆಯಿತು. ತನ್ನ ಟರ್ಕಿ ಪಾತ್ರೆಯಲ್ಲಿ ರಬ್ಬರು ಕುದಿಸುತ್ತಿರುವ ಈ ಪ್ರಾಣಿ, ಮನೆಯಲ್ಲಿ ಅಡುಗೆಯೇ ಇಲ್ಲವೆಂದು ಊರೆಲ್ಲ ಸಾರಿಕೊಂಡು ಬಂದಿದೆ! ಅವಳು ಗಂಡನನ್ನು ಕೇಳಲಿಲ್ಲ. ಒಲೆಯ ಬಾಗಿಲನ್ನು ಮಾತ್ರ ಸ್ವಲ್ಪ ಜೋರಾಗಿ ಮುಚ್ಚಿದಳು.

ಗುರುವಾರ ಪಾದ್ರಿ ಹೋಲ್ಮ್‌ಬರ್ಗ್ ಬಂದರು. ಗ್ಯಾರೇಜಿನ ಮುಂದೆ ಮಡಚುವ ಕುರ್ಚಿಯಲ್ಲಿ ಕುಳಿತು ಮಳೆಯ ಬಗ್ಗೆ ಮಾತಾಡಿದರು. ಜೋಳದ ಬಗ್ಗೆ ಮಾತಾಡಿದರು. ಮತ್ತೆ ಮಳೆಗೇ ಬಂದರು.

"ಶನಿವಾರ ಬಿಸಿಲು ಬರಬಹುದು," ಎಂದರು ಕಡೆಗೆ, ಆರ್ವಿಡ್‌ನ ಎಣ್ಣೆಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು.

"ಬರಲಿ ಪಾದ್ರಿಗಳೇ. ನಾನಿನ್ನೂ ಆಸೆ ಬಿಟ್ಟಿಲ್ಲ."

ಪಾದ್ರಿ ಮಂಡಿ ತಟ್ಟಿಕೊಂಡು "ಸರಿ ಹಾಗಾದ್ರೆ" ಎಂದು ಎದ್ದರು. ಬಾಗಿಲ ಬಳಿ ಇನ್ನೊಮ್ಮೆ "ಸರಿ ಹಾಗಾದ್ರೆ" ಎಂದರು. ಕಾರಿನ ಕಿಟಕಿ ಇಳಿಸಿ ಮತ್ತೂ ಒಂದು ಸಲ ಎಂದರು. ಅಷ್ಟು ದೀರ್ಘವಾದ ಬೀಳ್ಕೊಡುಗೆ ಆ ಊರಿನಲ್ಲಿ ಕೂಡ ಅಪರೂಪ.

ಆದರೆ ಆರ್ವಿಡ್‌ನ ಎದೆಗೆ ನಿಜವಾಗಿ ಚುಚ್ಚಿದವನು ಡುವೇನ್. ಶುಕ್ರವಾರ ಸಂಜೆ ಬಂದ. ಕೈಯಲ್ಲಿ ಹಾಟ್‌ಡಿಶ್. ಟೋಪಿ ಕಂಕುಳಲ್ಲಿ.

"ಆರ್ವಿಡ್, ಆ ಪಂದ್ಯದ ಮಾತು... ಬಿಟ್ಬಿಡೋಣ ಕಣೋ. ಬೈಕು ನಿನ್ನ ಹತ್ರನೇ ಇರಲಿ. ಲೊರೇನ್‌ಗೂ ಹೇಳಿದೀನಿ. ಹೂವಿಗೇನು, ಕುಂಡ ತಂದ್ರಾಯ್ತು."

ಆರ್ವಿಡ್‌ನ ಕಿವಿ ಮೊದಲು ಬೆಳ್ಳಗಾಗಿ, ಆಮೇಲೆ ಕೆಂಪಾಯಿತು. "ಏನಂದೆ?"

"ಇಂಥ ಹೊತ್ತಲ್ಲಿ ಪಂದ್ಯ ಗಿಂದ್ಯ ಎಲ್ಲ ಯಾಕೆ..."

"ನೀನೂ ನನಗೆ ಅಯ್ಯೋ ಪಾಪ ಅಂತೀಯಾ? ನೀನು! ಲೇ ಡುವೇನ್, ಬೈಯೋ, ಆಡ್ಕೊಂಡು ನಗೋ, ತಡ್ಕೋತೀನಿ. ಕನಿಕರ ಮಾತ್ರ ಬೇಡ! ಪಂದ್ಯ ಅಂದ್ರೆ ಪಂದ್ಯ! ನಾಳೆ ಈ ಬೈಕು ಓಡದಿದ್ರೆ ನಾನೇ ಅದಕ್ಕೆ ಮಣ್ಣು ತುಂಬಿ, ನಾನೇ ನೀರು ಹಾಕ್ತೀನಿ!"

ಡುವೇನ್ ಆರ್ವಿಡ್‌ನನ್ನು ತಬ್ಬಿಕೊಂಡುಬಿಟ್ಟ. ಆ ಊರಿನ ನಾರ್ವೆ ಮೂಲದ ಗಂಡಸರು ಹೀಗೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದು ಹೆಣ ಎತ್ತುವಾಗ ಮಾತ್ರ. ಆರ್ವಿಡ್‌ಗೆ ತಾನು ಸೋತೇ ಹೋದೆ ಎನಿಸಿತು, ಹಾಗೆ ಅನಿಸಿದ ಮೇಲೆ ವಿಪರೀತ ಸಿಟ್ಟೂ ಬಂತು. ಡುವೇನ್ ಹೋದದ್ದೇ ತಡ, ಕೇಬಲ್ ಮೊದಲು ಸಿಕ್ಕಿಸಿ, ಎಣ್ಣೆಯಲ್ಲಿ ನೆನೆದು ಮೆತ್ತಗಾಗಿದ್ದ ರಬ್ಬರಿಗೆ ಸೋಪು ಸವರಿ, ಸಾಮಾನು ಬಿಗಿಯುವ ಬೆಲ್ಟು ಸುತ್ತಿ ಬಿಗಿದ. ಡುವೇನ್‌ನ ಮುಖ ನೆನೆದು ಒಂದೇ ಒಂದು ಸಲ ನೂಕಿದ. ‘ಪ್ಲಾಪ್!’ ಎಂದು ಎಂಟೂ ಬಾಯಿಗಳು ಒಟ್ಟಿಗೆ ಕಚ್ಚಿದವು.

ಶನಿವಾರ ಬೆಳಿಗ್ಗೆ ಬಿಸಿಲು ಬಂದೇ ಬಂತು. ಆರ್ವಿಡ್ ಹೊಗೆ ಹೋಗಲೆಂದು ಗ್ಯಾರೇಜಿನ ಹಿಂಬಾಗಿಲು ತೆರೆದು, ಮುಂದಿನ ದೊಡ್ಡ ಬಾಗಿಲನ್ನು ಅರ್ಧಕ್ಕೆ ಎತ್ತಿದ. ಪೂರ್ತಿ ಎತ್ತಲು ಧೈರ್ಯವಾಗಲಿಲ್ಲ. ಬಾಟಲಿಯ ಪೆಟ್ರೋಲು ಬಿಟ್ಟ. ಬಟನ್ ಒತ್ತಿದ. ಎಂಜಿನ್ ಕೆಮ್ಮಿತು, ಸೀನಿತು, ಒಂದು ಸಲ ಢಮಾರ್ ಎಂದಿತು, ಆಮೇಲೆ ಕುಂಟುತ್ತ ಓಡತೊಡಗಿತು. ಪೈಪುಗಳಲ್ಲಿ ಕೆಂಪು ಎಣ್ಣೆ ನಾಲ್ಕು ದಿಕ್ಕಿಗೆ ನೆಗೆಯಿತು. ಮೂರನೆಯ ಪೈಪಿನದಂತೂ ನೇರವಾಗಿ ಎಂಜಿನ್ನಿನೊಳಕ್ಕೇ ಹೊರಟಿತು. ಸೈಲೆನ್ಸರಿನಿಂದ ಬಿಳಿ ಹೊಗೆ ಗುಪ್ಪೆಂದು ಎದ್ದು ಬಾಗಿಲ ಕೆಳಗಿಂದ ಅಂಗಳಕ್ಕೆ ಉರುಳಿತು.

ಆ ಅಂಗಳದಲ್ಲಿ ಅದೇ ಹೊತ್ತಿಗೆ ಆರ್ಡಿಸ್, ಪಾದ್ರಿ ಮತ್ತು ಚರ್ಚಿನ ಹಾಡುಗಾರರೆಲ್ಲ ಬಂದು ನಿಂತಿದ್ದರು. ಆರ್ವಿಡ್ ಮೆರವಣಿಗೆಗೆ ಬರಲಾರನಲ್ಲ, ಅವನಿದ್ದಲ್ಲಿಗೇ ಹೋಗಿ ಒಂದು ಹಾಡು ಹಾಡೋಣವೆಂದು. ಸದ್ದು ಕೇಳಿ, ಹೊಗೆ ನೋಡಿ, ಹಾಡಿನ ಮೊದಲ ಸಾಲೇ ಗಂಟಲಲ್ಲಿ ಸಿಕ್ಕಿಕೊಂಡಿತು. ಮಾರ್ಲಿಸ್ ಅಡುಗೆಮನೆಯಿಂದ ಓಡಿಬಂದಳು.

"ಏನಿದು? ಏನಾಯ್ತು? ಯಾಕೆ ಎಲ್ಲಾ ಬಂದಿದೀರಾ?"

ಆರ್ಡಿಸ್ ಅವಳ ಎರಡೂ ಕೈ ಹಿಡಿದುಕೊಂಡಳು. "ಮಾರ್ಲಿಸ್, ಧೈರ್ಯ ತಂದ್ಕೋಮ್ಮಾ. ನಾನು ಕಣ್ಣಾರೆ ಕಂಡಿದೀನಿ. ಒಳಗೆ ಗ್ಲೂಕೋಸ್ ಸ್ಟ್ಯಾಂಡಿದೆ. ನಾಲ್ಕು ನಳಿಗೆ. ರಕ್ತ ಹೋಗ್ತಾ ಇದೆ. ನಿನ್ನ ಗಂಡ ಜಾಸ್ತಿ ದಿನ ಇರಲ್ಲ."

ಮಾರ್ಲಿಸ್ ಅವಳನ್ನು ನೋಡಿದಳು. ಪಾದ್ರಿಯನ್ನು ನೋಡಿದಳು. ಆಮೇಲೆ ಮೂರು ದಿನದ ಹಾಟ್‌ಡಿಶ್‌ಗಳೆಲ್ಲ ಅವಳ ತಲೆಯಲ್ಲಿ ಸಾಲಾಗಿ ಹಾದುಹೋದವು. "ಅಯ್ಯೋ ದೇವ್ರೇ! ಆರ್ಡಿಸ್, ಅದು ಕಾರ್ಬುರೇಟರ್! ಅದು ರಕ್ತ ಅಲ್ಲ, ಎಣ್ಣೆ! ಅವನು ಗುಂಡುಕಲ್ಲಿನ ಹಾಗಿದಾನೆ! ನಿನ್ನೆ ರಾತ್ರಿ ಮೂರು ತಟ್ಟೆ ಹಾಟ್‌ಡಿಶ್ ತಿಂದಿದಾನೆ!"

ಒಳಗೆ ಆರ್ವಿಡ್‌ಗೆ ಇದ್ಯಾವುದೂ ಕೇಳಿಸುವಂತಿರಲಿಲ್ಲ. ಅವನು ಎಂಜಿನ್ ನಿಲ್ಲಿಸಿ, ಮೂರನೆಯ ಪೈಪಿಗೆ ಹೊಸ ಎಣ್ಣೆ ತುಂಬಿ, ನಾಲ್ಕು ಪೈಪಿಗೂ ಒಂದೊಂದು ಬಿಗಿ ಕ್ಲಿಪ್ಪು ಹಾಕಿ, ಎಣ್ಣೆ ನೆಗೆಯದಂತೆ ಮಾಡಿ, ಮತ್ತೆ ಬಟನ್ ಒತ್ತಿದ. ಉಸಿರು ಬಿಗಿಹಿಡಿದು ಮೊದಲ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಒಂದನೆಯದೂ ಎರಡನೆಯದೂ ಒಂದಾದವು. ಇನ್ನೊಂದು ಸ್ಕ್ರೂ. ಮೂರು, ನಾಲ್ಕು ಒಂದಾದವು. ಕಡೆಗೆ ನಡುವಿನ ಸ್ಕ್ರೂ. ಕೆಂಪು ಸಾಲುಗಳು ಏರಿದವು, ಇಳಿದವು, ಯೋಚಿಸಿದವು. ಆಮೇಲೆ ನಾಲ್ಕೂ ಒಂದೇ ಗೆರೆ ಎಳೆದ ಹಾಗೆ ನಿಂತುಬಿಟ್ಟವು. ಅದೇ ಕ್ಷಣ ಎಂಜಿನ್ನಿನ ಕೆಮ್ಮು ನಿಂತಿತು. ಅದರ ಜಾಗದಲ್ಲಿ ಒಂದು ತುಂಬು ದನಿ ಎದ್ದಿತು, ಎಷ್ಟು ನುಣುಪು, ಎಷ್ಟು ಚೆಂದ! ಆರ್ವಿಡ್ ಸ್ಕೋಗ್ ಗ್ಯಾರೇಜಿನಲ್ಲಿ ಒಬ್ಬನೇ ನಿಂತು ಗಳಗಳನೆ ಅತ್ತ. ಸಂತೋಷಕ್ಕೆ ಅತ್ತ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೊರಗೆ ಆ ದನಿ ಕೇಳಿ ಆರ್ಡಿಸ್ ತಲೆ ಎತ್ತಿದಳು. ಅಷ್ಟು ಹೊತ್ತೂ ಆಕೆಯ ಮುಖ ಮುದುಡಿತ್ತು. ಇಡೀ ಊರನ್ನು ಅಳಿಸಿದವಳು ಆಕೆಯಲ್ಲವೇ? ಆದರೆ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ ಅಷ್ಟು ಸುಲಭಕ್ಕೆ ಕಳಚುವುದಲ್ಲ.

"ಪಾದ್ರಿಗಳೇ, ಒಂದು ಮಾತು," ಎಂದಳು. "ನಾನು ಫೋನಲ್ಲಿ ಏನಂತ ಹೇಳಿದ್ದೆ? ‘ಆರ್ವಿಡ್‌ನ ಗ್ಯಾರೇಜಲ್ಲಿ ನಾಲ್ಕು ನಳಿಗೆ ಇದೆ, ಎಲ್ಲ ನೆಟ್ಟಗಾಗಲಿ ಅಂತ ಬೇಡ್ಕೊಳ್ಳಿ’ ಅಂತ. ಈಗ ನೆಟ್ಟಗಾಯ್ತೋ ಇಲ್ವೋ?"

ಪಾದ್ರಿ ಹೋಲ್ಮ್‌ಬರ್ಗ್ ದೇವಶಾಸ್ತ್ರವನ್ನು ಓದಿಕೊಂಡವರು. ಬಹಳ ಯೋಚಿಸಿದರು. "ಆಗಿರೋ ಹಾಗಿದೆ," ಎಂದರು.

"ಹಾಗಾದ್ರೆ ನಾಳೆ ಚರ್ಚಲ್ಲಿ ಏನಂತ ಹೇಳ್ತೀರಾ? ಆರ್ಡಿಸ್ ತಪ್ಪು ತಿಳ್ಕೊಂಡ್ಳು ಅಂತಾನೋ, ಪ್ರಾರ್ಥನೆ ಫಲಿಸ್ತು ಅಂತಾನೋ?"

"ಫಲಿಸ್ತು," ಎಂದರು ಪಾದ್ರಿ ತಡಮಾಡದೆ.

"ಮಾರ್ಲಿಸ್, ನೀನೂ ಸುಮ್ನಿರು. ಮೆರವಣಿಗೆ ಮುಗಿಯೋವರೆಗೂ ಯಾರೂ ಏನೂ ಹೇಳೋದು ಬೇಡ. ಇಷ್ಟು ಜನ ಅತ್ತಿದಾರೆ, ಸ್ವಲ್ಪ ನಗಲಿ."

ದೊಡ್ಡ ಬಾಗಿಲು ಪೂರ್ತಿ ಮೇಲೆದ್ದಿತು. ಆರ್ವಿಡ್ ಮುಖದ ತುಂಬ ಎಣ್ಣೆ ಬಳಿದುಕೊಂಡು, ಟ್ಯಾಂಕು ಕೂರಿಸಿದ ಬೈಕಿನ ಮೇಲೆ ಕುಳಿತು ಹೊರಗೆ ಬಂದ. ಅಂಗಳದ ತುಂಬ ಜನ ನೋಡಿ ಬೆರಗಾದ. "ಸದ್ದು ಕೇಳಿ ಬಂದ್ರಾ? ಹತ್ತು, ಮಾರ್ಲಿಸ್, ಹೊತ್ತಾಯ್ತು!" ಎಂದ. ಮಾರ್ಲಿಸ್ ಹತ್ತಿದಳು.

ಮುಖ್ಯ ಬೀದಿಯ ಎರಡೂ ಕಡೆ ಜನ ಬೆಳಗಿನಿಂದಲೇ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಆ ಊರಿನವರು ಬಾವುಟ ಬಂದಾಗಲ್ಲದೆ ಕುರ್ಚಿಯಿಂದ ಏಳುವವರಲ್ಲ. ಫೈರ್ ಎಂಜಿನ್ನಿನ ಮುಂದೆ, ಒಂದೇ ದನಿಯಲ್ಲಿ ಗುನುಗುತ್ತ, ಆರ್ವಿಡ್‌ನ ಬೈಕು ತಿರುವಿನಲ್ಲಿ ಕಾಣಿಸಿತು. ಮೊದಲು ಕೆಫೆಯವರು ಎದ್ದರು. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಕಡೆಯವರು. ಬೀದಿಯುದ್ದಕ್ಕೂ ಜನ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದರು. ಹೆಂಗಸರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಡುವೇನ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು, "ಎದ್ದು ಬಂದ್ಬಿಟ್ನಲ್ರೋ ನಮ್ಮ ಆರ್ವಿಡ್, ಎದ್ದು ಬಂದ್ಬಿಟ್ಟ!" ಎಂದು ಬಿಕ್ಕಳಿಸುತ್ತ ಕೂಗಿದ.

ಆರ್ವಿಡ್‌ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಿತು. ಕತ್ತು ಹಿಂದಕ್ಕೆ ತಿರುಗಿಸಿ ಕೂಗಿ ಹೇಳಿದ:

"ನೋಡಿದ್ಯಾ ಮಾರ್ಲಿಸ್! ನಾಲ್ಕೂ ಸಮ ಎಳೀತಿದೆ ಅಂತ ಬರೀ ಸದ್ದಲ್ಲೇ ಕಂಡುಹಿಡಿದ್ಬಿಟ್ರು! ಒಂದು ಕಾರ್ಬುರೇಟರಿಗೆ ಇಷ್ಟು ಕಣ್ಣೀರು ಹಾಕ್ತಾರೆ ಅಂದ್ರೆ... ಎಂಥ ಊರು ಮಾರಾಯ್ತಿ, ಎಂಥ ಊರು!"

ಮಾರ್ಲಿಸ್ ಎರಡೂ ಕಡೆಯ ಆ ಒದ್ದೆ ಮುಖಗಳನ್ನು ನೋಡಿದಳು. ಮೂರು ದಿನ ತನ್ನ ಗಂಡನಿಗಾಗಿ ಒಲೆ ಹಚ್ಚಿದವರು, ಒಂದು ಪ್ರಶ್ನೆಯನ್ನೂ ಕೇಳದೆ ಅತ್ತವರು.

"ಹೌದು ಕಣೋ, ಎಂಥ ಊರು!" ಎಂದು ಎಲ್ಲರತ್ತ ಕೈ ಬೀಸಿದಳು.